ಅಲರ್ಜಿ ಮತ್ತು ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳು: ಸರ್ಕಾರಿ ಆರೋಗ್ಯ ವಿಮಾ ಯೋಜನೆಗಳ ಅಡಿಯಲ್ಲಿ ತಜ್ಞ ವೈದ್ಯರ ಸೇವೆ ಪಡೆಯುವ ಬಗ್ಗೆ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬಿಡದ ಸೀನು ಮತ್ತು ನೆಗಡಿ, ಉಬ್ಬಸ, ಪಿತ್ತದ ಗಂಧೆ, ಇಸಬು, ಆಹಾರ ಅಥವಾ ಔಷಧಿ ಒಗ್ಗದೆ ಉಂಟಾಗುವ ತೊಂದರೆ ಮುಂತಾದವುಗಳಿಗೆ ಸರ್ಕಾರದ ಆರೋಗ್ಯ ವಿಮಾ ಯೋಜನೆಗಳ ಅಡಿಯಲ್ಲಿ ತಜ್ಞ ವೈದ್ಯರನ್ನು ಕಾಣಬಯಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಕರ್ನಾಟಕದಲ್ಲಿ ವಾಸಿಸುವ ಬಿಪಿಎಲ್ ಮತ್ತು ಎಪಿಎಲ್ ಪಡಿತರ ಚೀಟಿದಾರರು, ಇ.ಎಸ್.ಐ. ವಿಮಾದಾರರು, ಸಹಕಾರ ಸಂಘಗಳ ಸದಸ್ಯರು ಹಾಗೂ ಸರ್ಕಾರಿ ನೌಕರರು ಇದರ ಉಪಯೋಗ ಪಡೆಯಬಹುದು.

ಆರೋಗ್ಯ ಕಾರ್ಡ್ ಕೈಯಲ್ಲಿದ್ದರೂ ಅಲರ್ಜಿ ಚಿಕಿತ್ಸಾಲಯದಲ್ಲಿ ಪೂರ್ಣ ಹಣ ಕೇಳುತ್ತಾರೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಇದಕ್ಕೆ ಬಹುಪಾಲು ಎರಡು ಕಾರಣಗಳಿರುತ್ತವೆ. ಮೊದಲನೆಯದು, ನಮ್ಮ ಆಸ್ಪತ್ರೆಗಳಲ್ಲಿ "ಅಲರ್ಜಿ ವಿಭಾಗ" ಎಂಬ ಫಲಕವು ವಿರಳ. ಈ ಕಾಯಿಲೆಗಳನ್ನು ಬೇರೆ ಬೇರೆ ಹೆಸರಿನ ವಿಭಾಗಗಳು ಹಂಚಿಕೊಂಡು ನೋಡುತ್ತವೆ. ಎರಡನೆಯದು, ಬಹಳ ಜನರ ಬಳಿ ಇರುವ ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಅನ್ವಯಿಸುತ್ತದೆ. ಅಲರ್ಜಿಯ ಚಿಕಿತ್ಸೆಯಾದರೋ ಬಹುತೇಕ ಹೊರರೋಗಿಯಾಗಿಯೇ ನಡೆಯುವಂಥದ್ದು. ಈ ಎರಡು ಸಂಗತಿಗಳನ್ನು ಮುಂಚಿತವಾಗಿ ತಿಳಿದು ಹೊರಟಲ್ಲಿ ಅನಗತ್ಯ ಅಲೆದಾಟ ಮತ್ತು ಸಾಲ ಎರಡನ್ನೂ ತಪ್ಪಿಸಬಹುದಾಗಿದೆ.

ತುರ್ತು ಸಂದರ್ಭ: ಮೊದಲು ಓದಿರಿ

ಹೆಜ್ಜೇನು ಕಚ್ಚಿದ ನಂತರ, ಚುಚ್ಚುಮದ್ದು ಅಥವಾ ಮಾತ್ರೆ ತೆಗೆದುಕೊಂಡ ನಂತರ, ಅಥವಾ ಯಾವುದೇ ಆಹಾರ ಸೇವಿಸಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲಾ ಗಂಧೆ ಏಳುವುದು, ತುಟಿ-ನಾಲಿಗೆ ಊದುವುದು, ಧ್ವನಿ ಕಟ್ಟುವುದು, ಉಸಿರಾಟಕ್ಕೆ ಕಷ್ಟವಾಗುವುದು, ಪದೇ ಪದೇ ವಾಂತಿ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಎರಡು-ಮೂರು ಒಟ್ಟಿಗೆ ಕಂಡುಬಂದಲ್ಲಿ ಅದು ಪ್ರಾಣಾಪಾಯದ ಅಲರ್ಜಿ (ಅನಾಫಿಲಾಕ್ಸಿಸ್) ಆಗಿರಬಹುದು. ಇಂತಹ ಸಮಯದಲ್ಲಿ ತಜ್ಞರನ್ನಾಗಲಿ, ಕಾರ್ಡನ್ನಾಗಲಿ ಹುಡುಕುತ್ತಾ ಕೂರತಕ್ಕದ್ದಲ್ಲ. ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಯಾವುದೇ ಆಸ್ಪತ್ರೆಗೆ ಧಾವಿಸಬೇಕು. ಇದಕ್ಕೆ ಮೊದಲ ಔಷಧವು ತೊಡೆಯ ಹೊರಭಾಗದ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದು. ಇದು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಪ್ರಾಥಮಿಕ ಹಂತದ ಆಸ್ಪತ್ರೆಗಳಿಗೂ ಸೇರಿದ ಔಷಧವಾದುದರಿಂದ, ದೂರದ ದೊಡ್ಡ ಆಸ್ಪತ್ರೆಗಿಂತ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಆ ಘಳಿಗೆಯಲ್ಲಿ ಜೀವ ಉಳಿಸಬಲ್ಲದು. ಅಲರ್ಜಿಯ ಮಾತ್ರೆಯು ಇದಕ್ಕೆ ಬದಲಿಯಲ್ಲ. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿ ಇಡಬೇಕು. ಉಸಿರಾಟದ ಕಷ್ಟವಿದ್ದಲ್ಲಿ ಕುಳಿತುಕೊಳ್ಳಲು ಬಿಡಬೇಕು. ಎದ್ದು ನಡೆಯಲು ಬಿಡಬಾರದು. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ತೊಂದರೆ ಮರುಕಳಿಸುವುದುಂಟು; ಆದುದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿಯೇ ಇರುವುದು ಅವಶ್ಯಕ.

ಯಾವ ವಿಭಾಗದ ವೈದ್ಯರನ್ನು ಕೇಳಬೇಕು?

ಭಾರತದಲ್ಲಿ ಅಲರ್ಜಿ ಚಿಕಿತ್ಸೆ ನೀಡುವ ವೈದ್ಯರು ಬಹುತೇಕ ಬೇರೊಂದು ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ನಂತರ ಅಲರ್ಜಿಯಲ್ಲಿ ಹೆಚ್ಚಿನ ತರಬೇತಿ ಹೊಂದಿದವರಾಗಿರುತ್ತಾರೆ. ಆದ ಕಾರಣ ವಿಮಾ ಯೋಜನೆಗಳ ಆಸ್ಪತ್ರೆ ಪಟ್ಟಿಯಲ್ಲಿ "ಅಲರ್ಜಿ" ಎಂಬ ಪದವನ್ನು ಹುಡುಕಿದರೆ ಏನೂ ದೊರೆಯದಿರಬಹುದು. ಅದರಿಂದ ಸೌಲಭ್ಯವೇ ಇಲ್ಲವೆಂದು ಭಾವಿಸಬೇಕಾಗಿಲ್ಲ.

ಉಬ್ಬಸ, ಎದೆಯಲ್ಲಿ ಸಿಳ್ಳೆ ಶಬ್ದ, ರಾತ್ರಿ ಹೊತ್ತಿನ ಕೆಮ್ಮು ಇದ್ದಲ್ಲಿ ಶ್ವಾಸಕೋಶ ರೋಗಗಳ ವಿಭಾಗವನ್ನು ಕೇಳಬೇಕು. ಕೆಲವು ಆಸ್ಪತ್ರೆಗಳಲ್ಲಿ ಇದಕ್ಕೆ ಇಂದಿಗೂ "ಕ್ಷಯ ಮತ್ತು ಎದೆರೋಗ ವಿಭಾಗ" ಎಂದೇ ಬರೆದಿರುತ್ತದೆ. ಫಲಕ ನೋಡಿ ಅಂಜಿ ಹಿಂದಿರುಗಬಾರದು, ಉಬ್ಬಸದ ರೋಗಿಯನ್ನು ನೋಡುವವರೂ ಅವರೇ. ಸೀನು, ಮೂಗು ಕಟ್ಟುವಿಕೆ, ಕಣ್ಣು ತುರಿಕೆಗೆ ಕಿವಿ, ಮೂಗು ಮತ್ತು ಗಂಟಲು ವಿಭಾಗ. ಪಿತ್ತದ ಗಂಧೆ, ಇಸಬು, ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ತಗಲಿ ಮುಖ-ಕೈಗಳು ಕಪ್ಪಾಗಿ ಒರಟಾಗುವ ತೊಂದರೆಗೆ ಚರ್ಮರೋಗ ವಿಭಾಗ. ಹದಿನೆಂಟು ವರ್ಷದೊಳಗಿನವರಿಗೆ ಮೇಲಿನ ಯಾವುದೇ ತೊಂದರೆಯಿದ್ದರೂ ಮೊದಲು ಮಕ್ಕಳ ವಿಭಾಗಕ್ಕೆ ಹೋಗುವುದು ಉತ್ತಮ. ಅಲ್ಲಿಂದ ಮುಂದಕ್ಕೆ ಕಳುಹಿಸಿಕೊಡುತ್ತಾರೆ.

"ರೋಗನಿರೋಧಕ ಶಾಸ್ತ್ರ" ಅಥವಾ ಇಮ್ಯುನಾಲಜಿ ಎಂಬುದು ಇದರಿಂದ ಭಿನ್ನ. ಲೂಪಸ್, ಸಂಧಿವಾತ ಮುಂತಾಗಿ ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಗಳನ್ನು ನೋಡುವವರು "ಕ್ಲಿನಿಕಲ್ ಇಮ್ಯುನಾಲಜಿ ಮತ್ತು ರುಮಟಾಲಜಿ" ಎಂಬ ವಿಷಯದಲ್ಲಿ ಡಿ.ಎಂ. ಪದವಿ ಪಡೆದವರು. ಬರೀ ಧೂಳಿನ ಅಲರ್ಜಿಗೆ ಇವರ ಬಳಿ ಹೋಗಬೇಕಾದ ಅವಶ್ಯಕತೆಯಿಲ್ಲ.

ವೈದ್ಯರ ಅರ್ಹತೆಯ ಬಗ್ಗೆ ಸಂದೇಹವಿದ್ದಲ್ಲಿ ಅವರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ನೋಂದಣಿ ಪುಸ್ತಕದಲ್ಲಿ ಪರಿಶೀಲಿಸಬಹುದು. "ಅಲರ್ಜಿ ತಜ್ಞ" ಎಂಬ ಫಲಕ ಮಾತ್ರದಿಂದ ಅರ್ಹತೆ ತಿಳಿಯುವುದಿಲ್ಲ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ

ರಾಜ್ಯ ಸರ್ಕಾರವು 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆಯನ್ನು ಆರಂಭಿಸಿತು. ಅದೇ ವರ್ಷದ ಅಕ್ಟೋಬರ್ 30ರಿಂದ ಇದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜಿಸಲಾಯಿತು. 2023ರಲ್ಲಿ ಕಾರ್ಡಿನ ಹೆಸರನ್ನು "ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ – ಮುಖ್ಯಮಂತ್ರಿ ಆರೋಗ್ಯ ಕರ್ನಾಟಕ" ಎಂದು ಬದಲಾಯಿಸಲಾಗಿದೆ. ಯೋಜನೆಯ ಅನುಷ್ಠಾನವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತದೆ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ವಾರ್ಷಿಕ ಮಿತಿ ರೂ. 1.5 ಲಕ್ಷ, ಉಳಿದ ಶೇ. 70ರಷ್ಟನ್ನು ರೋಗಿಯೇ ಪಾವತಿಸಬೇಕು. ಈ ಮೊತ್ತವು ಇಡೀ ಕುಟುಂಬಕ್ಕೆ ಸೇರಿದ್ದೇ ಹೊರತು ಒಬ್ಬೊಬ್ಬರಿಗೆ ಅಲ್ಲ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಕಾರ್ಡ್ ಪಡೆಯಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಹೊರರೋಗಿಯಾಗಿ ವೈದ್ಯರನ್ನು ಕಂಡು ಔಷಧಿ ಬರೆಸಿಕೊಳ್ಳುವುದು ಈ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಕೇವಲ ಪರೀಕ್ಷೆಗಳನ್ನು ಮಾಡಿಸುವ ಸಲುವಾಗಿ ಒಳರೋಗಿಯಾಗಿ ದಾಖಲಾಗುವುದಕ್ಕೂ ಅವಕಾಶವಿಲ್ಲ. "ಒಂದು ದಿನ ಅಡ್ಮಿಟ್ ಆಗಿ, ಕಾರ್ಡಿನಲ್ಲಿ ಅಲರ್ಜಿ ಟೆಸ್ಟ್ ಮಾಡಿಸೋಣ" ಎಂದು ಯಾರಾದರೂ ಸಲಹೆ ನೀಡಿದಲ್ಲಿ ಅದನ್ನು ಒಪ್ಪಬಾರದು. ಪೂರ್ವಾನುಮೋದನೆ ತಿರಸ್ಕೃತವಾದರೆ ಬಿಲ್ಲು ರೋಗಿಯ ಮೇಲೆಯೇ ಬೀಳುತ್ತದೆ. ಅನುಮೋದನೆ ದೊರೆತರೂ ಕುಟುಂಬದ ವಾರ್ಷಿಕ ಮೊತ್ತ ವ್ಯರ್ಥವಾಗಿ ಕರಗುತ್ತದೆ.

ಹಾಗಾದರೆ ಕಾರ್ಡಿನಿಂದ ಪ್ರಯೋಜನವೇನು? ಉಬ್ಬಸ ಉಲ್ಬಣಿಸಿ ದಾಖಲಾಗಬೇಕಾದಾಗ, ಅಲರ್ಜಿಯಿಂದ ತೀವ್ರ ನಿಗಾ ಘಟಕದ ಚಿಕಿತ್ಸೆ ಬೇಕಾದಾಗ, ಔಷಧಿ ಒಗ್ಗದೆ ಚರ್ಮವೆಲ್ಲಾ ಸುಲಿದುಹೋಗುವಂತಹ ಗಂಭೀರ ಸ್ಥಿತಿಯಲ್ಲಿ, ಮೂಗಿನೊಳಗೆ ದುರ್ಮಾಂಸ ಬೆಳೆದು ಶಸ್ತ್ರಚಿಕಿತ್ಸೆ ಬೇಕಾದಾಗ ಕಾರ್ಡನ್ನು ಹಾಜರುಪಡಿಸಬೇಕು. ಯೋಜನೆಯ ಆರಂಭದಲ್ಲಿ 1,650 ಚಿಕಿತ್ಸಾ ವಿಧಾನಗಳನ್ನು ಗುರುತಿಸಿ, ಸಾಮಾನ್ಯ ದ್ವಿತೀಯ ಹಂತ, ಕ್ಲಿಷ್ಟಕರ ದ್ವಿತೀಯ ಹಂತ, ತೃತೀಯ ಹಂತ ಮತ್ತು ತುರ್ತು ಚಿಕಿತ್ಸೆ ಎಂದು ವಿಂಗಡಿಸಲಾಯಿತು. ಸಾಮಾನ್ಯ ದ್ವಿತೀಯ ಹಂತದ ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿಯೇ ಪಡೆಯಬೇಕು. ಕ್ಲಿಷ್ಟಕರ ದ್ವಿತೀಯ ಮತ್ತು ತೃತೀಯ ಹಂತದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದಲ್ಲಿ, ಅಲ್ಲಿಂದ ಶಿಫಾರಸು ಪತ್ರ (ರೆಫರಲ್) ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ಶಿಫಾರಸು ಪತ್ರವಿಲ್ಲದೆ ನೇರವಾಗಿ ನೋಂದಾಯಿತ ಆಸ್ಪತ್ರೆಗೆ ದಾಖಲಾಗಬಹುದು. ತಮ್ಮ ಕಾಯಿಲೆ ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರು ಪಟ್ಟಿ ನೋಡಿ ತಿಳಿಸುತ್ತಾರೆ.

ಹೊರರೋಗಿ ಚಿಕಿತ್ಸೆ: ಕಾರ್ಡಿಗಿಂತ ಸರ್ಕಾರಿ ಆಸ್ಪತ್ರೆಯ ಚೀಟಿಯೇ ದಾರಿ

ಇ.ಎಸ್.ಐ. ಇಲ್ಲದ ಬಡ ಕುಟುಂಬಗಳಿಗೆ ಅಲರ್ಜಿ ಚಿಕಿತ್ಸೆಯ ನಿಜವಾದ ಬಾಗಿಲು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗವೇ ಆಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಗರಗಳಲ್ಲಿರುವ ನಮ್ಮ ಕ್ಲಿನಿಕ್‌ನಲ್ಲಿ ಮೊದಲು ತೋರಿಸಿ, ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬೇಕು. ಸರ್ಕಾರಿ ವೈದ್ಯಕೀಯ ಕಾಲೇಜು ಇರುವ ಊರುಗಳಲ್ಲಿ ಮೇಲೆ ತಿಳಿಸಿದ ವಿಭಾಗಗಳು ಸಾಮಾನ್ಯವಾಗಿ ಒಂದೇ ಆವರಣದಲ್ಲಿ ದೊರೆಯುತ್ತವೆ: ಬೆಂಗಳೂರಿನ ವಿಕ್ಟೋರಿಯಾ ಮತ್ತು ಬೌರಿಂಗ್ ಆಸ್ಪತ್ರೆಗಳು, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಅಂತೆಯೇ ಬೆಳಗಾವಿ, ಕಲಬುರಗಿ, ಬಳ್ಳಾರಿ, ರಾಯಚೂರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ಉಬ್ಬಸ ಹಾಗೂ ಶ್ವಾಸಕೋಶದ ಕಾಯಿಲೆಗಳಿಗಾಗಿಯೇ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ; ಅದರ ಸಮೀಪದಲ್ಲಿಯೇ ಮಕ್ಕಳಿಗಾಗಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಪ್ರಯಾಣ ಕಷ್ಟವಾದವರು ಇ-ಸಂಜೀವಿನಿ ಸೇವೆಯ ಮೂಲಕ ದೂರದಿಂದಲೇ ವೈದ್ಯರ ಸಲಹೆಯನ್ನು ಉಚಿತವಾಗಿ ಪಡೆಯಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಇದಕ್ಕೆ ನೆರವಾಗುತ್ತಾರೆ.

ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಯು (ಸ್ಕಿನ್ ಪ್ರಿಕ್ ಟೆಸ್ಟ್) ಎಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಇದು ನಿಜವಾದ ಕೊರತೆಯೇ ಸರಿ. ಆದರೆ ಬಹುತೇಕ ರೋಗಿಗಳ ಚಿಕಿತ್ಸೆಯನ್ನು ಈ ಪರೀಕ್ಷೆಗಾಗಿ ಕಾಯದೆ ಆರಂಭಿಸಬಹುದು. ಉಬ್ಬಸಕ್ಕೆ ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ (ಇನ್‌ಹೇಲರ್), ಮೂಗಿಗೆ ಸಿಂಪಡಿಸುವ ಔಷಧಿ, ಅಲರ್ಜಿ ಮಾತ್ರೆ ಇವುಗಳಿಗೆ ಪರೀಕ್ಷೆಯ ವರದಿಯೇ ಬೇಕೆಂದಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆಯ ನಂತರವೂ ಹತೋಟಿಗೆ ಬಾರದಿದ್ದಾಗ, ಅಥವಾ ಅಲರ್ಜಿಗೆ ಕಾರಣವಾದ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ನೀಡುವ ಇಮ್ಯುನೋಥೆರಪಿಯನ್ನು ಯೋಚಿಸುವಾಗ ಪರೀಕ್ಷೆ ಮುಖ್ಯವಾಗುತ್ತದೆ.

ಕಾರ್ಮಿಕ ರಾಜ್ಯ ವಿಮಾ (ಇ.ಎಸ್.ಐ.) ಯೋಜನೆ

ಅಲರ್ಜಿ ಮತ್ತು ಉಬ್ಬಸದ ರೋಗಿಗಳಿಗೆ, ಲಭ್ಯವಿರುವ ಯೋಜನೆಗಳಲ್ಲಿ ಹೆಚ್ಚು ಅನುಕೂಲಕರವಾದುದು ಇ.ಎಸ್.ಐ. ಎಂದರೆ ತಪ್ಪಾಗಲಾರದು. ಇದರಲ್ಲಿ ಹೊರರೋಗಿ ಚಿಕಿತ್ಸೆ, ತಜ್ಞರ ಸಲಹೆ, ಪರೀಕ್ಷೆ ಮತ್ತು ಔಷಧಿ ಎಲ್ಲವೂ ಸೇರಿವೆ. ವಿಮಾದಾರರಿಗೆ ಮಾತ್ರವಲ್ಲದೆ ಅವರ ಅವಲಂಬಿತ ಕುಟುಂಬದವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಾರ್ಖಾನೆ ಹಾಗೂ ಸಂಸ್ಥೆಗಳ ನೌಕರರು ಇದರಡಿ ಬರುತ್ತಾರೆ. ಮಾಸಿಕ ವೇತನದ ಮಿತಿಯನ್ನು 2017ರ ಜನವರಿ 1ರಿಂದ ರೂ. 21,000ಕ್ಕೆ ಹೆಚ್ಚಿಸಲಾಯಿತು. ಉಡುಪು ತಯಾರಿಕೆ ಘಟಕಗಳಲ್ಲಿ ದುಡಿಯುವ ಬಹಳಷ್ಟು ಮಹಿಳೆಯರ ವೇತನದಿಂದ ಪ್ರತಿ ತಿಂಗಳೂ ಇ.ಎಸ್.ಐ. ವಂತಿಗೆ ಕಡಿತವಾಗುತ್ತದೆ. ಆದರೂ ಮಗುವಿನ ಉಬ್ಬಸಕ್ಕೆ ಖಾಸಗಿ ಚಿಕಿತ್ಸಾಲಯದಲ್ಲಿ ಕೈಯಿಂದ ಹಣ ತೆರುವವರು ಇದ್ದಾರೆ. ಕೊಟ್ಟ ಹಣಕ್ಕೆ ತಕ್ಕ ಸೇವೆಯನ್ನು ಕೇಳಿ ಪಡೆಯುವುದು ಅವರ ಹಕ್ಕಾಗಿದೆ.

ಇಲ್ಲಿಯೂ ನೇರವಾಗಿ ತಜ್ಞರ ಬಳಿಗೆ ಹೋಗುವಂತಿಲ್ಲ. ತಮಗೆ ನಿಗದಿಯಾದ ಇ.ಎಸ್.ಐ. ಚಿಕಿತ್ಸಾಲಯದ ವೈದ್ಯರನ್ನು ಕಂಡು, ಅವರ ಶಿಫಾರಸಿನ ಮೇರೆಗೆ ಇ.ಎಸ್.ಐ. ಆಸ್ಪತ್ರೆಯ ಸಂಬಂಧಿತ ವಿಭಾಗಕ್ಕೆ ಹೋಗಬೇಕು. ಬೆಂಗಳೂರಿನ ರಾಜಾಜಿನಗರ, ಪೀಣ್ಯ ಮತ್ತು ಇಂದಿರಾನಗರಗಳಲ್ಲಿ ಹಾಗೂ ಕಲಬುರಗಿಯಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ, ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜೂ ಇದೆ. ಅಲ್ಲಿ ಇಲ್ಲದ ಪರೀಕ್ಷೆ ಅಥವಾ ಉನ್ನತ ಚಿಕಿತ್ಸೆಗೆ ಆಸ್ಪತ್ರೆಯವರೇ ಒಡಂಬಡಿಕೆ ಹೊಂದಿರುವ ಆಸ್ಪತ್ರೆಗೆ ಕಳುಹಿಸುತ್ತಾರೆ. ಶಿಫಾರಸು ಇಲ್ಲದೆ ತಾವಾಗಿಯೇ ಖಾಸಗಿಯಲ್ಲಿ ಪರೀಕ್ಷೆ ಮಾಡಿಸಿ, ನಂತರ ಬಿಲ್ಲು ಸಲ್ಲಿಸಿದರೆ ಮರುಪಾವತಿ ಆಗುತ್ತದೆಂಬ ಖಾತರಿಯಿಲ್ಲ.

ವೈದ್ಯರಿಗೆ ತಮ್ಮ ಕೆಲಸದ ಸ್ವರೂಪವನ್ನು ತಪ್ಪದೆ ಹೇಳಬೇಕು. ವಾರದ ರಜೆಯಲ್ಲಿ ಉಸಿರು ಹಗುರಾಗಿ, ಕೆಲಸಕ್ಕೆ ಮರಳಿದ ದಿನ ಮತ್ತೆ ಬಿಗಿಯುವುದಾದಲ್ಲಿ ಅದು ಕೆಲಸದ ಸ್ಥಳದ ಧೂಳಿಗೆ ಸಂಬಂಧಿಸಿದ ಸುಳಿವು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗವು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದ್ದು, ಅದು ದೃಢಪಟ್ಟಲ್ಲಿ ಚಿಕಿತ್ಸೆಯ ಜೊತೆಗೆ ಪರಿಹಾರಕ್ಕೂ ದಾರಿಯಾಗುತ್ತದೆ.

ಉದಾಹರಣೆ

ಶಿಡ್ಲಘಟ್ಟದಲ್ಲಿ ಐದಾರು ಜನರಿರುವ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ದುಡಿಯುವ ಮಹಿಳೆಗೆ ಉಬ್ಬಸವಿದೆ ಎಂದು ಭಾವಿಸೋಣ. ರೇಷ್ಮೆಗೂಡಿನ ಮತ್ತು ಪತಂಗದ ಧೂಳಿನಿಂದ ಉಬ್ಬಸ ಬರುವುದು ವೈದ್ಯಕೀಯವಾಗಿ ದಾಖಲಾಗಿರುವ ಸಂಗತಿ. ಘಟಕ ಚಿಕ್ಕದಾದ ಕಾರಣ ಆಕೆ ಇ.ಎಸ್.ಐ.ಗೆ ಸೇರಿರುವುದಿಲ್ಲ, ಬಿಪಿಎಲ್ ಚೀಟಿಯಿಂದ ಆಯುಷ್ಮಾನ್ ಕಾರ್ಡ್ ಮಾತ್ರ ಇರುತ್ತದೆ. ಆಕೆ ಬೆಂಗಳೂರಿನ ಖಾಸಗಿ ಅಲರ್ಜಿ ಕೇಂದ್ರಕ್ಕೆ ಬಸ್ಸು ಹತ್ತಿದಲ್ಲಿ ಕಾರ್ಡ್ ನಡೆಯುವುದಿಲ್ಲ. ಅದರ ಬದಲು ತಾಲ್ಲೂಕು ಆಸ್ಪತ್ರೆಯ ಚೀಟಿಯೊಂದಿಗೆ ಚಿಕ್ಕಬಳ್ಳಾಪುರದ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗೆ ಹೋದಲ್ಲಿ ತಜ್ಞರ ಸಲಹೆ ದೊರೆಯುತ್ತದೆ. ಅಲ್ಲಿಯೂ ಹತೋಟಿಗೆ ಬಾರದಿದ್ದರೆ ಎದೆರೋಗಗಳ ಸಂಸ್ಥೆಗೆ ಶಿಫಾರಸು ಪತ್ರ ಪಡೆಯಬಹುದು. ಒಂದು ರಾತ್ರಿ ಉಬ್ಬಸ ಉಲ್ಬಣಿಸಿ ದಾಖಲಾಗಬೇಕಾಗಿ ಬಂದರೆ ಆಗ ಆಯುಷ್ಮಾನ್ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಅದೇ ಮಹಿಳೆ ಪೀಣ್ಯದ ದೊಡ್ಡ ಉಡುಪು ಕಾರ್ಖಾನೆಯಲ್ಲಿದ್ದರೆ ಇ.ಎಸ್.ಐ. ಚಿಕಿತ್ಸಾಲಯವೇ ಮೊದಲ ಮೆಟ್ಟಿಲು. ಪ್ರತಿ ತಿಂಗಳ ಇನ್‌ಹೇಲರ್ ಸಹ ಅಲ್ಲಿಂದಲೇ ದೊರೆಯಬೇಕಾದುದು.

ಇತರ ಯೋಜನೆಗಳು

ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆಯು 2023ರ ಜನವರಿಯಿಂದ ಮರುಜಾರಿಯಾಗಿದೆ. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ ಸಂಬಂಧಿಸಿದ್ದು, ಅಲರ್ಜಿಯ ದಿನನಿತ್ಯದ ಚಿಕಿತ್ಸೆಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ (ಸಿ.ಜಿ.ಎಚ್.ಎಸ್.) ಕಾರ್ಡುದಾರರು ತಮ್ಮ ಕ್ಷೇಮ ಕೇಂದ್ರದ ವೈದ್ಯಾಧಿಕಾರಿಯಿಂದ ಶಿಫಾರಸು ಪಡೆದು ತಜ್ಞರನ್ನು ಕಾಣಬಹುದು, ಔಷಧಿಯನ್ನು ಕ್ಷೇಮ ಕೇಂದ್ರದಿಂದಲೇ ಪಡೆಯಬಹುದು. ರಾಜ್ಯ ಸರ್ಕಾರಿ ನೌಕರರು ತಮಗೆ ಅನ್ವಯಿಸುವ ಯೋಜನೆಯಲ್ಲಿ ಹೊರರೋಗಿ ವೆಚ್ಚ ಸೇರಿದೆಯೇ ಎಂಬುದನ್ನು ವೇತನ ಬಟವಾಡೆ ಅಧಿಕಾರಿಯವರಿಂದ ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ.

ಆಸ್ಪತ್ರೆಗೆ ದೂರವಾಣಿ ಮಾಡಿದಾಗ ಏನನ್ನು ಕೇಳಬೇಕು?

"ನಿಮ್ಮಲ್ಲಿ ಕಾರ್ಡ್ ನಡೆಯುತ್ತದೆಯೇ?" ಎಂದು ಕೇಳಿದರೆ "ಹೌದು" ಎಂಬ ಉತ್ತರವೇ ಬರುತ್ತದೆ; ಅದರಿಂದ ಪ್ರಯೋಜನವಿಲ್ಲ. ಆಸ್ಪತ್ರೆಯೊಂದು ಹೃದ್ರೋಗಕ್ಕೆ ನೋಂದಣಿ ಹೊಂದಿದ್ದು, ಶ್ವಾಸಕೋಶ ವಿಭಾಗಕ್ಕೆ ಹೊಂದಿರದೆ ಇರಬಹುದು. ಆದುದರಿಂದ ಯೋಜನೆಯ ಪೂರ್ಣ ಹೆಸರನ್ನು ಹೇಳಿ, ತಮಗೆ ಬೇಕಾದ ವಿಭಾಗವು ಆ ಯೋಜನೆಯಡಿ ನೋಂದಣಿಯಾಗಿದೆಯೇ ಎಂದು ಕೇಳಬೇಕು. ಹೊರರೋಗಿ ಸಲಹೆಗೆ ಎಷ್ಟು ಶುಲ್ಕ, ಶಿಫಾರಸು ಪತ್ರ ಯಾವ ಹಂತದ ಆಸ್ಪತ್ರೆಯಿಂದ ಬೇಕು, ತಜ್ಞರು ಯಾವ ವಾರ ಲಭ್ಯವಿರುತ್ತಾರೆ ಎಂಬುದನ್ನೂ ವಿಚಾರಿಸಬೇಕು. ಸಾಧ್ಯವಾದಲ್ಲಿ ಸ್ವಾಗತ ಮೇಜಿನವರ ಬದಲು ಆರೋಗ್ಯ ಮಿತ್ರರೊಂದಿಗೇ ಮಾತನಾಡಿ, ಅವರ ಹೆಸರು ಮತ್ತು ಮಾತನಾಡಿದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

ಭೇಟಿಗೆ ಮುನ್ನ ಸಿದ್ಧತೆ

ಯೋಜನೆಯ ಕಾರ್ಡ್, ಆಧಾರ್, ಪಡಿತರ ಚೀಟಿ, ಶಿಫಾರಸು ಪತ್ರದ ಮೂಲ ಪ್ರತಿ ಮತ್ತು ಹಿಂದಿನ ಎಲ್ಲಾ ಚೀಟಿಗಳನ್ನು ಒಯ್ಯಬೇಕು. ಇವುಗಳಿಗಿಂತಲೂ ವೈದ್ಯರಿಗೆ ಹೆಚ್ಚು ನೆರವಾಗುವುದು ಒಂದು ಹಾಳೆ ಟಿಪ್ಪಣಿ: ತೊಂದರೆ ಯಾವ ತಿಂಗಳಲ್ಲಿ ಹೆಚ್ಚು, ಮನೆಯೊಳಗೋ ಹೊಲದಲ್ಲೋ, ಹಾಸಿಗೆ ಕೊಡವಿದಾಗಲೋ, ಸೌದೆ ಒಲೆಯ ಮುಂದೋ, ಯಾವ ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಗಂಧೆ ಎದ್ದಿತು ಇತ್ಯಾದಿ. ಬಂದು ಹೋಗುವ ಗಂಧೆಯ ಭಾವಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟಿರಬೇಕು. ಆಸ್ಪತ್ರೆ ತಲುಪುವಷ್ಟರಲ್ಲಿ ಅದು ಮಾಯವಾಗಿರುವುದೇ ಹೆಚ್ಚು. ಔಷಧಿಯಿಂದ ತೊಂದರೆಯಾಗಿದ್ದಲ್ಲಿ ಆ ಔಷಧಿಯ ಖಾಲಿ ಪಟ್ಟಿಯನ್ನು ಬಿಸಾಡದೆ ತರಬೇಕು.

ಚರ್ಮದ ಪರೀಕ್ಷೆ ನಿಗದಿಯಾಗಿದ್ದಲ್ಲಿ ಅಲರ್ಜಿ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂಬುದನ್ನು ಪರೀಕ್ಷೆ ಮಾಡುವ ವೈದ್ಯರಿಂದಲೇ ಕೇಳಿಕೊಳ್ಳಬೇಕು. ನಿಲ್ಲಿಸದೆ ಹೋದಲ್ಲಿ ಪರೀಕ್ಷೆ ನಿಷ್ಫಲವಾಗಿ ಪ್ರಯಾಣದ ಖರ್ಚು ನಷ್ಟವಾಗುತ್ತದೆ. ಆದರೆ ಉಬ್ಬಸದ ಇನ್‌ಹೇಲರನ್ನು ವೈದ್ಯರ ಸೂಚನೆಯಿಲ್ಲದೆ ಎಂದಿಗೂ ನಿಲ್ಲಿಸತಕ್ಕದ್ದಲ್ಲ.

ಎಚ್ಚರಿಕೆ ವಹಿಸಬೇಕಾದ ಅಂಶಗಳು

ನೂರಾರು ಆಹಾರಗಳಿಗೆ ಒಂದೇ ರಕ್ತದ ಹನಿಯಲ್ಲಿ ಅಥವಾ ಕೂದಲಿನಲ್ಲಿ ಅಲರ್ಜಿ ಪತ್ತೆ ಮಾಡುವುದಾಗಿ ಹೇಳುವ ದುಬಾರಿ ಪರೀಕ್ಷೆಗಳನ್ನು ಯಾವ ಸರ್ಕಾರಿ ಯೋಜನೆಯೂ ಭರಿಸುವುದೆಂದು ನಿರೀಕ್ಷಿಸಬಾರದು. ಆಹಾರಗಳಿಗೆ ಸಂಬಂಧಿಸಿದ ಐಜಿಜಿ ಪರೀಕ್ಷೆಯು ಅಲರ್ಜಿಯನ್ನು ತೋರಿಸುವುದಿಲ್ಲವೆಂದು ಅಂತರರಾಷ್ಟ್ರೀಯ ಅಲರ್ಜಿ ತಜ್ಞರ ಸಂಘಟನೆಗಳು ಸ್ಪಷ್ಟಪಡಿಸಿವೆ. ಐಜಿಇ ಪರೀಕ್ಷೆ ಉಪಯುಕ್ತವಾದರೂ, ವರದಿಯಲ್ಲಿ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಆ ಆಹಾರವು ಒಗ್ಗುವುದಿಲ್ಲ ಎಂದು ಅರ್ಥವಲ್ಲ. ಹುಳುಬಾಧೆ ಇದ್ದವರಲ್ಲಿಯೂ ಒಟ್ಟು ಐಜಿಇ ಏರಿರುತ್ತದೆ. ಇಂತಹ ವರದಿಯನ್ನು ನಂಬಿ ಬೆಳೆಯುವ ಮಗುವಿಗೆ ಹಾಲು, ಮೊಟ್ಟೆ, ರಾಗಿ, ಕಡಲೆಕಾಯಿ ಎಲ್ಲವನ್ನೂ ನಿಲ್ಲಿಸಿದರೆ ಅಲರ್ಜಿಗಿಂತ ಅಪೌಷ್ಟಿಕತೆಯೇ ಮಗುವನ್ನು ಕಾಡುತ್ತದೆ. ತಿಂದು ತೊಂದರೆಯಾಗದ ಆಹಾರವನ್ನು ಕಾಗದ ನೋಡಿ ಬಿಡಿಸಬಾರದು.

ಇಮ್ಯುನೋಥೆರಪಿಯು ಸಾಮಾನ್ಯವಾಗಿ 3ರಿಂದ 5 ವರ್ಷಗಳ ಚಿಕಿತ್ಸೆ. ಆರಂಭಿಸುವ ಮೊದಲೇ ಇಡೀ ಅವಧಿಯ ವೆಚ್ಚವನ್ನು ಬರವಣಿಗೆಯಲ್ಲಿ ಕೇಳಬೇಕು; ಅರ್ಧದಲ್ಲಿ ಹಣ ಸಾಲದೆ ಬಿಟ್ಟವರಿಗೆ ಪೂರ್ಣ ಪ್ರಯೋಜನ ದೊರೆಯುವುದಿಲ್ಲ. ಪ್ರತಿ ಚುಚ್ಚುಮದ್ದಿನ ನಂತರ ಕನಿಷ್ಠ 30 ನಿಮಿಷ ಅಲ್ಲಿಯೇ ಕುಳಿತಿರಬೇಕು. ಮನೆಯಲ್ಲಿಯೇ ಚುಚ್ಚಿಕೊಳ್ಳಲು ಔಷಧಿ ಕೊಟ್ಟು ಕಳುಹಿಸುವವರಿಂದ ದೂರವಿರಬೇಕು. ಉಬ್ಬಸವನ್ನು ಬೇರುಸಹಿತ ಕೀಳುವುದಾಗಿ ಹೇಳಿ ಮಾರುವ, ಹೆಸರು ಬರೆಯದ ಪುಡಿ ಮತ್ತು ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯಿರುತ್ತದೆ.

ಮಕ್ಕಳಲ್ಲಿ ರೋಗನಿರೋಧಕ ಶಕ್ತಿಯ ಹುಟ್ಟು ಕೊರತೆ

ವರ್ಷದಲ್ಲಿ ಎರಡು ಅಥವಾ ಹೆಚ್ಚು ಬಾರಿ ನ್ಯುಮೋನಿಯಾ, ಪದೇ ಪದೇ ಕಿವಿ ಸೋರುವುದು, ಆಳವಾದ ಕೀವುಗಂಟುಗಳು, ಎರಡು ತಿಂಗಳು ಆ್ಯಂಟಿಬಯಾಟಿಕ್ ಕೊಟ್ಟರೂ ವಾಸಿಯಾಗದಿರುವುದು, ತೂಕ ಹೆಚ್ಚದಿರುವುದು ಇವು ಬರೀ ಅಲರ್ಜಿಯ ಲಕ್ಷಣಗಳಲ್ಲ. ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಗುವಾಗಿದ್ದಲ್ಲಿ, ಅಥವಾ ಹಿಂದಿನ ಮಗು ಸೋಂಕಿನಿಂದ ಶೈಶವದಲ್ಲಿಯೇ ತೀರಿಕೊಂಡಿದ್ದಲ್ಲಿ ಆ ವಿಷಯವನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು. ಇದು ಯಾರ ತಪ್ಪೂ ಅಲ್ಲ; ಆದರೆ ಆ ಒಂದು ಮಾತು ತಿಳಿದಲ್ಲಿ ರೋಗ ಪತ್ತೆ ತಿಂಗಳುಗಟ್ಟಲೆ ಮುಂಚಿತವಾಗಿ ಆಗಬಹುದು.

ಇಂತಹ ಕೆಲವು ಕಾಯಿಲೆಗಳಿಗೆ, ಉದಾಹರಣೆಗೆ ತೀವ್ರ ಸಂಯುಕ್ತ ರೋಗನಿರೋಧಕ ಕೊರತೆ (ಎಸ್.ಸಿ.ಐ.ಡಿ.) ಮತ್ತು ವಿಸ್ಕಾಟ್–ಆಲ್ಡ್ರಿಚ್ ಕಾಯಿಲೆಗಳಿಗೆ, ಅಸ್ಥಿಮಜ್ಜೆ ಕಸಿ ಬೇಕಾಗುತ್ತದೆ. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯಲ್ಲಿ ಇವು ಮೊದಲ ಗುಂಪಿಗೆ ಸೇರಿವೆ. ಈ ನೀತಿಯಡಿ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುವವರಿಗೆ ನೀಡುವ ನೆರವಿನ ಮಿತಿಯನ್ನು 2022ರಲ್ಲಿ ರೂ. 50 ಲಕ್ಷಕ್ಕೆ ಏರಿಸಲಾಯಿತು. ಇದಕ್ಕೆ ಆಯುಷ್ಮಾನ್ ಕಾರ್ಡ್ ಬೇಕಾಗಿಲ್ಲ. ರಾಜ್ಯದಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ ಇಂತಹ ಕೇಂದ್ರವಾಗಿ ಕಾರ್ಯನಿರ್ವಹಿಸುತ್ತಿದ್ದು, ಪೋಷಕರು ಅಲ್ಲಿಯೇ ನೋಂದಣಿ ಮಾಡಿಸಬೇಕು.

ಹಣ ಕೇಳಿದಲ್ಲಿ ಅಥವಾ ಚಿಕಿತ್ಸೆ ನಿರಾಕರಿಸಿದಲ್ಲಿ

ಬಿಪಿಎಲ್ ಫಲಾನುಭವಿಯು ಪೂರ್ವಾನುಮೋದನೆ ಪಡೆದ ಚಿಕಿತ್ಸೆಗಾಗಿ ದಾಖಲಾಗಿರುವಾಗ ನೋಂದಾಯಿತ ಆಸ್ಪತ್ರೆಯು ಪ್ಯಾಕೇಜಿನಲ್ಲಿ ಸೇರಿರುವ ಔಷಧಿ, ಪರೀಕ್ಷೆ, ಹಾಸಿಗೆಗಳಿಗೆ ಪ್ರತ್ಯೇಕವಾಗಿ ಹಣ ಪಡೆಯುವಂತಿಲ್ಲ. ಹಾಗೆ ಕೇಳಿದಲ್ಲಿ ಮೊದಲು ಅಲ್ಲಿನ ಆರೋಗ್ಯ ಮಿತ್ರರಿಗೆ ತಿಳಿಸಬೇಕು. ಅನಿವಾರ್ಯವಾಗಿ ಪಾವತಿಸಬೇಕಾಗಿ ಬಂದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು. ರಸೀದಿ ಇಲ್ಲದ ದೂರನ್ನು ಸಾಬೀತುಪಡಿಸುವುದು ಕಷ್ಟ. ದೂರನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

ಯೋಜನೆಗೆ ಸೇರದ ಖಾಸಗಿ ಚಿಕಿತ್ಸಾಲಯಗಳೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿ ಪಡೆದು, ನೋಂದಣಿ ಪತ್ರ ಮತ್ತು ಶುಲ್ಕದ ವಿವರವನ್ನು ಎದ್ದು ಕಾಣುವಂತೆ ಪ್ರದರ್ಶಿಸತಕ್ಕದ್ದು. ಉಲ್ಲಂಘನೆ ಕಂಡುಬಂದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ನೀಡಬಹುದು.

ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಗಳು

ತುರ್ತು ಆಂಬುಲೆನ್ಸ್: 108
ಆರೋಗ್ಯ ಸಹಾಯವಾಣಿ: 104
ಆಯುಷ್ಮಾನ್ ಭಾರತ್ ಸಹಾಯವಾಣಿ: 14555
ಇ.ಎಸ್.ಐ. ನಿಗಮದ ಶುಲ್ಕರಹಿತ ಸಂಖ್ಯೆ: 1800 11 2526

ಕರೆ ಮಾಡುವಾಗ ಕಾರ್ಡ್ ಸಂಖ್ಯೆ ಅಥವಾ ವಿಮಾ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡಿರಬೇಕು. ಮೊಬೈಲಿಗೆ ಬರುವ ಓಟಿಪಿ ಸಂಖ್ಯೆಯನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು.